ಸೈಕಲ್ ಏರಿ 30 ಕಿ.ಮೀ. ಆಚೆಯ ಊಟಕ್ಕೆ

ಪ್ರಶ್ನೆ: ಈ ಬೇಸಿಗೆಯಲ್ಲಿ ಒಂದು ದಿನ ಗೆಳೆಯನ ಜೊತೆ ಸೈಕಲ್‌ನಲ್ಲಿ ಹಳ್ಳಿ ಕಡೆಯ ರೆಸ್ಟೋರೆಂಟ್ ಒಂದಕ್ಕೆ ಹೋಗಿ, ಮಧ್ಯಾಹ್ನದ ಊಟ ಮುಗಿಸಿ ಬರಬೇಕು ಅಂತಿದ್ದೇನೆ. ಹೋಗಲು 30 ಕಿ.ಮೀ. ನನಗೆ ಅಭ್ಯಾಸವಿದೆ, ಅವನು ಹೊಸಬ. ಬಿಸಿಲಿಗೆ ಅವನು ಸೋತುಹೋದರೆ ಎಂಬ ಚಿಂತೆ. ಏನೇನು ನೋಡಿಕೊಳ್ಳಬೇಕು?
– ಒಬ್ಬ ಓದುಗ

ಉತ್ತರ: ಮೊದಲು ಆ ಮಧ್ಯಾಹ್ನದ ಊಟವನ್ನು ಬೆಳಗಿನ ತಿಂಡಿ ಮಾಡಿಕೊಳ್ಳಲು ಆಗುತ್ತದಾ ನೋಡಿ. ಸೂರ್ಯ ನೆತ್ತಿಗೆ ಬಂದಾಗ ಸೆಕೆ ಜಾಸ್ತಿ ಅಂದುಕೊಳ್ಳುತ್ತೇವೆ. ಆದರೆ ನೆಲ ಕಾದು ಗಾಳಿಯನ್ನು ಕಾಯಿಸಲು ಹೊತ್ತು ಬೇಕು. ಹಾಗಾಗಿ ಸಾಮಾನ್ಯವಾಗಿ ಸೆಕೆ ಏರುವುದು ಅದಾದ ಎರಡು ಮೂರು ಗಂಟೆಗಳ ಮೇಲೆ. ಒಂದಕ್ಕೆ ಊಟ ಮಾಡಿ ಎರಡಕ್ಕೆ ಹೊರಟರೆ, ತುಂಬಿದ ಹೊಟ್ಟೆಯಲ್ಲಿ ಸರಿಯಾಗಿ ಆ ಹೊತ್ತಿಗೇ ರಸ್ತೆಯಲ್ಲಿರುತ್ತೀರಿ. ಹೊಸಬರು ಗಂಟೆಗೆ 15 ಕಿ.ಮೀ. ಹೋದರೆ ಸಾಕು, ಎರಡು ಗಂಟೆಯ ದಾರಿ. ಆರಕ್ಕೆ ಹೊರಟರೆ ತಿಂದು, ಒಂದು ಗಂಟೆ ಆರಾಮಾಗಿ ಹರಟಿ, ಹನ್ನೊಂದೂವರೆ ಒಳಗೆ ಮನೆ ಸೇರಬಹುದು.

ಇನ್ನು ನಿಮ್ಮ ಗೆಳೆಯರ ಮಾತು. ನನಗೆ ನಿಜಕ್ಕೂ ಬೇಸರ ತರಿಸುವ ದೃಶ್ಯ ಒಂದಿದೆ. ಅಭ್ಯಾಸ ಇದ್ದವರು ಬೇಗ ಏರು ಹತ್ತಿ ಮೇಲೆ ಮರದ ಕೆಳಗೆ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟುತ್ತಲೇ "ಸರಿ, ಹೋಗೋಣ್ವಾ?" ಅಂತ ಹೊರಟೇಬಿಡುತ್ತಾರೆ. ಸುಸ್ತಾಗದವರಿಗೆ ವಿಶ್ರಾಂತಿ, ಸುಸ್ತಾದವರಿಗೆ ಅದೂ ಇಲ್ಲ! ಹಾಗೆ ಮಾಡಲೇಬೇಡಿ. ಏರಿನಲ್ಲಿ ಅವರನ್ನೇ ಮುಂದೆ ಬಿಡಿ, ವೇಗ ಅವರದೇ ಇರಲಿ. ಎದುರು ಗಾಳಿ ಇದ್ದಾಗ ಮಾತ್ರ ನೀವು ಮುಂದಾಗಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ನಿಮ್ಮ ಬೆನ್ನ ಹಿಂದೆ ಬರುವವರಿಗೆ ತುಂಬಾ ಹಗುರ. ಆದರೆ ಹೊಸಬರು ತೀರಾ ಅಂಟಿಕೊಂಡು ಬರಬಾರದು, ಚಕ್ರಕ್ಕೆ ಚಕ್ರ ತಾಗಿದರೆ ಬೀಳುವುದು ಹಿಂದಿನವರೇ. ಇಬ್ಬರೂ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ. ಅವರ ಉತ್ತರ "ಹೂಂ", "ಹಾಂ"ಗೆ ಇಳಿಯಿತಾ, ನಿಧಾನಿಸಿ.

ನೀರಿನ ವಿಷಯದಲ್ಲಿ ಸೈಕಲ್ ಸ್ವಲ್ಪ ಮೋಸ ಮಾಡುತ್ತದೆ. ಓಡುವಾಗ ಗಾಳಿಗೆ ಬೆವರು ಆರಿಹೋಗುತ್ತದೆ, ಎಷ್ಟು ಬೆವರಿದೆವು ಅಂತ ಗೊತ್ತಾಗುವುದೇ ಇಲ್ಲ. ನಿಂತ ಕೂಡಲೇ ಧಾರಾಕಾರ ಸುರಿಯುತ್ತದೆ, ಅಲ್ವಾ? ಬಿಸಿಲಲ್ಲಿ ಗಂಟೆಗೆ ಅರ್ಧದಿಂದ ಒಂದು ಲೀಟರ್, ಕೆಲವರಿಗೆ ಇನ್ನೂ ಜಾಸ್ತಿ ಹೋಗುತ್ತದೆ. ಒಬ್ಬೊಬ್ಬರಿಗೂ 750 ಎಂ.ಎಲ್.ನ ಎರಡು ಬಾಟಲಿ ಇರಲಿ. ಹದಿನೈದು ನಿಮಿಷಕ್ಕೊಮ್ಮೆ ಎರಡು ಗುಟುಕು ಕುಡಿಯಿರಿ, ಒಂದು ಬಾಟಲಿಗೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ ಹಾಕಿ. ರೆಸ್ಟೋರೆಂಟ್‌ನಲ್ಲಿ ಎರಡನ್ನೂ ಮತ್ತೆ ತುಂಬಿಸಿಕೊಳ್ಳಿ. ಅಲ್ಲಿ ಬಿಯರ್ ಬೇಡ, ವಾಪಸ್ ಅಷ್ಟೇ ದಾರಿ ಬಾಕಿ ಇರುತ್ತದೆ.

ತಲೆನೋವು, ತಲೆಸುತ್ತು, ವಾಕರಿಕೆ, ಬಿಸಿಲಲ್ಲೂ ಮೈ ಜುಮ್ಮೆನ್ನುವುದು – ಇದರಲ್ಲಿ ಯಾವುದು ಕಂಡರೂ ಅಲ್ಲೇ ನಿಲ್ಲಿಸಿ. ನೆರಳಲ್ಲಿ ಮಲಗಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ. ಮಾತು ತೊದಲಿದರೆ, ಅಸಂಬದ್ಧ ಆಡಿದರೆ ಆಂಬುಲೆನ್ಸ್ ಕರೆಯಿರಿ, ಅದು ಬರುವ ತನಕ ಮೈ ತಣಿಸುತ್ತಲೇ ಇರಿ.

ಹಿಂದಿನ ದಿನವೇ ಅವರ ಸೀಟಿನ ಎತ್ತರ ನೋಡಿ. ಪೆಡಲ್ ತೀರಾ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಿಚಿರಬೇಕು. ಸೀಟು ತಗ್ಗಿದ್ದರೆ ಮಂಡಿನೋವು ಖಚಿತ. ಒಂದು ಟ್ಯೂಬ್, ಪಂಪ್ ಜೊತೆಗಿರಲಿ. ರೆಸ್ಟೋರೆಂಟ್‌ಗೂ ಫೋನ್ ಮಾಡಿ, ಬೆಳಗ್ಗೆ ತೆರೆದಿರುತ್ತದಾ ಕೇಳಿ. ಮಧ್ಯಾಹ್ನವೇ ತೆರೆಯುವುದಾದರೆ ಊಟದ ಮೇಲೆ ಬಿಸಿಲು ಇಳಿಯುವ ತನಕ ಅಲ್ಲೇ ಇರಿ. ಹಾಗಿದ್ದಾಗ ಎರಡೂ ಸೈಕಲ್‌ಗೆ ಹಿಂದೆ ಮುಂದೆ ಲೈಟ್ ಬೇಕಾಗುತ್ತದೆ.