ಹಾನ್ಲೆಯಲ್ಲಿ ಕಂಡ ಕೆಂಪು ಮಲ್ಪೆಯಲ್ಲಿ ಯಾಕಿಲ್ಲ?

2024ರ ಮೇ 10ರ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ ಧ್ರುವಪ್ರಭೆಯಿಂದ (ಅರೋರಾ: ಸೂರ್ಯನ ಕಡೆಯ ಕಣಗಳಿಂದ ಮೇಲಿನ ಗಾಳಿ ಹೊಳೆಯೋದು) ಆಕಾಶ ಕೆಂಪಾಯಿತು, ಮಲ್ಪೆ ಬೀಚಿನಲ್ಲಿ ಯಾಕೆ ಏನೂ ಕಾಣಲಿಲ್ಲ ಅಂತ ಕೇಳಿದ್ದೀರಿ. ಉಡುಪಿಯಲ್ಲಿ ಭೂಮಿಯ ಕಾಂತರೇಖೆಗಳು ಹೆಚ್ಚುಕಡಿಮೆ ನೆಲಕ್ಕೆ ಸಮನಾಗಿ ಮಲಗಿರುತ್ತವೆ. ಸೂರ್ಯನ ಕಡೆಯಿಂದ ಬರುವ ಕಣಗಳಿಗೆ ಅವನ್ನು ಅಡ್ಡ ದಾಟಿ ಇಳಿಯೋದು ಕಷ್ಟ. ಧ್ರುವದ ಹತ್ತಿರ ಅದೇ ರೇಖೆಗಳು ನೆಟ್ಟಗೆ ನಿಂತಿರುತ್ತವೆ, ಅಲ್ಲಿ ದಾರಿ ಸಲೀಸು. ಹಾನ್ಲೆ ನಮಗಿಂತ ಎಷ್ಟೋ ಉತ್ತರದಲ್ಲಿದೆ. ಜೊತೆಗೆ ಆ ಕೆಂಪು ಬೆಳಕು ಹುಟ್ಟೋದು 200 ಕಿ.ಮೀ.ಗೂ ಮೇಲೆ, ಹಾಗಾಗಿ ದೂರದಿಂದಲೂ ಕಾಣುತ್ತದೆ.

ಸೌರಗಾಳಿ, ಅಂದರೆ ಸೂರ್ಯನಿಂದ ಹರಿದುಬರುವ ಕಣಗಳ ಪ್ರವಾಹ, ಜೋರಾಗಿ ಬೀಸಿದರೆ ಮಾತ್ರ ಸಾಲದು. ಮಾಮೂಲಿ ದಿನವೂ ಅದರ ವೇಗ ಸೆಕೆಂಡಿಗೆ ಸುಮಾರು 400 ಕಿ.ಮೀ. ಇರುತ್ತದೆ. ಅದು ಹೊತ್ತು ತರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದಾಗಲೇ ಭೂಮಿಯ ರೇಖೆಗಳ ಜೊತೆ ಚೆನ್ನಾಗಿ ಬೆಸೆದುಕೊಳ್ಳೋದು. ಆಗ ಬಾಗಿಲ ಚಿಲಕ ತೆಗೆದ ಹಾಗೆ. ಧ್ರುವದ ಮೇಲಿನ ಅಯಾನುಗೋಳವೇ (ವಾತಾವರಣದ ಮೇಲ್ಭಾಗದ ವಿದ್ಯುತ್ ಕಣಗಳ ಪದರ) ಹರಿಯತೊಡಗುತ್ತದೆ. 1961ರಲ್ಲೇ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಡಂಜಿ ಇದನ್ನು ಹೇಳಿದ್ದರು. ಈಗ ನಮ್ಮ ಸೂರ್ಯ ವೀಕ್ಷಣೆಯ ನೌಕೆ ಆದಿತ್ಯ ಎಲ್1 ಕೂಡ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದಿಂದ ಆ ಕಾಂತಕ್ಷೇತ್ರವನ್ನು ಅಳೆಯುತ್ತಿದೆ. ನನಗಂತೂ ತುಂಬಾ ಖುಷಿ.