ಹಾಸನದಲ್ಲಿ ಮನೆ ಕಟ್ಟಿಸಿದ್ದೇವೆ, ದುಡಿಯುವುದು ಒಬ್ಬರೇ. 20 ವರ್ಷದ 25 ಲಕ್ಷ ಸಾಲವನ್ನು ಬೇಗ ತೀರಿಸಬಹುದೇ?

ಖಂಡಿತ. ಆದರೆ ಒಂದೇ ಸಂಬಳದ ಮನೆ, ಅಲ್ವಾ? ಮೊದಲು ಆರು ತಿಂಗಳ ಖರ್ಚು ಮತ್ತು ಕಂತಿನಷ್ಟು ಹಣ ಎಫ್‌ಡಿಯಲ್ಲಿ ಇರಲಿ. ದುಡಿಯುವವರ ಹೆಸರಲ್ಲಿ ಟರ್ಮ್ ಇನ್ಶೂರೆನ್ಸ್ ಕೂಡ ಬೇಕು. ಇವೆರಡೂ ಇಲ್ಲದೆ ಕೈಲಿದ್ದದ್ದನ್ನೆಲ್ಲ ಬ್ಯಾಂಕಿಗೆ ಸುರಿಯಬೇಡಿ.

ಬಡ್ಡಿ 8.5% ಅಂದುಕೊಳ್ಳಿ. ಕಂತು ಸುಮಾರು 21,700 ರೂಪಾಯಿ. ಮೊದಲ ತಿಂಗಳು ಅದರಲ್ಲಿ 17,700 ಬರೀ ಬಡ್ಡಿಗೇ ಹೋಗುತ್ತದೆ! ಅದಕ್ಕೇ ಶುರುವಿನ ವರ್ಷಗಳಲ್ಲಿ ಅಸಲಿಗೆ ಕಟ್ಟಿದ ದುಡ್ಡಿಗೆ ಲಾಭ ಜಾಸ್ತಿ. ಬೋನಸ್ಸೋ, ಊರಿನ ತೋಟದ ಕಾಫಿ ದುಡ್ಡೋ ಬಂದಾಗ ವರ್ಷಕ್ಕೊಂದು ಕಂತು ಹೆಚ್ಚಿಗೆ ಕಟ್ಟಿದರೂ ಸಾಲ 20 ವರ್ಷದ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮೊದಲೇ ತೀರುತ್ತದೆ.

ಕಟ್ಟುವಾಗ ‘ಕಂತು ಅಷ್ಟೇ ಇರಲಿ, ಅವಧಿ ಇಳಿಸಿ’ ಎಂದು ಬರೆದುಕೊಡಿ. ಕಂತು ಇಳಿಸಿಕೊಂಡರೆ ಉಳಿತಾಯ ಕಡಿಮೆ. ಸ್ವಂತಕ್ಕೆ ತೆಗೆದ ಫ್ಲೋಟಿಂಗ್ (ಆಗಾಗ ಬದಲಾಗುವ) ಬಡ್ಡಿಯ ಗೃಹಸಾಲಕ್ಕೆ ಮುಂಚಿತ ಪಾವತಿಯ ದಂಡ ಹಾಕುವಂತಿಲ್ಲ, ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಫಿಕ್ಸೆಡ್ ಆದರೆ ಕರಾರುಪತ್ರ ನೋಡಿ.

ತೆರಿಗೆ ಉಳಿಯುತ್ತದೆ ಅಂತ ಸುಮ್ನೆ ಸಾಲ ಎಳೆಯಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿ, ನೀವೇ ವಾಸವಿರುವ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ.

ಪೂರ್ತಿ ತೀರಿದ ಮೇಲೆ ಮೂಲಪತ್ರಗಳನ್ನು ಬ್ಯಾಂಕ್ 30 ದಿನದೊಳಗೆ ಕೊಡಬೇಕು. ಅಡಮಾನ ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಖುಲಾಸೆ ಮಾಡಿಸಿ, ಹೊಸ ಇಸಿ (ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ) ತೆಗೆದು ನೋಡಿ.