ಆಯಿಯ ಚೀಲದಲ್ಲಿದ್ದ ಝೀರೋ ಟಿಕೆಟ್‌ಗಳು

ಅಮ್ಮ ತೀರಿಕೊಂಡು ಎರಡು ತಿಂಗಳಾಯ್ತು, ಅವ್ರ ಸಾಮಾನೆಲ್ಲ ಯಾರಿಗಾದ್ರೂ ಕೊಟ್ಟುಬಿಡು ಅಂತ ಮನೆಯವ್ರು ಹೇಳ್ತಿದಾರೆ, ಏನು ಇಟ್ಕೊಳ್ಳೋದು ಏನು ಬಿಡೋದು ಗೊತ್ತಾಗ್ತಿಲ್ಲ ಅಂತ ಕೇಳಿದೀರಿ. ಸರಿಯಾದ ಉತ್ತರ ನನ್ ಹತ್ರ ಇಲ್ಲ. ನಮ್ಮನೇಲಿ ಏನಾಯ್ತು ಅಂತ ಹೇಳ್ತೀನಿ, ನಿಮಗೆ ಅದ್ರಲ್ಲಿ ಏನಾದ್ರೂ ಉಪಯೋಗಕ್ಕೆ ಬರಬಹುದು.

ನಮ್ದು ಸಿರ್ಸಿ ತಾಲೂಕು, ಪೇಟೆಯಿಂದ ಸುಮಾರು ಒಳಗೆ, ಅಡಕೆ ತೋಟದ ಮನೆ. ಅಮ್ಮನಿಗೆ ನಾವು ಆಯಿ ಅಂತೀವಿ. ಆಯಿ ಹೋಗಿದ್ದು ಮಳೆಗಾಲದಲ್ಲಿ. ಹನ್ನೆರಡನೇ ದಿನದ್ದೆಲ್ಲ ಮುಗಿದು ನೆಂಟರು ಹೊರಟ ಮೇಲೆ ಮರಣ ನೋಂದಣಿಗೆ ಬೇಕು ಅಂತ ಆಯಿಯ ಆಧಾರ್ ಕಾರ್ಡ್ ಹುಡುಕ್ತಾ ಇದ್ದೆ. (ನೀವು ಈ ನೋಂದಣಿ ಮಾಡ್ಸಿರ್ತೀರಿ ಅನ್ಕೋತೀನಿ. 21 ದಿನದ ಒಳಗೆ ಆಗಬೇಕಾದ ಕೆಲಸ ಅದು, ಆಗಿಲ್ಲ ಅಂದ್ರೆ ಈ ವಾರವೇ ಹೋಗಿ, ಒಂದು ವರ್ಷ ದಾಟಿದ್ರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತೆ, ಆ ಓಡಾಟ ದುಃಖದ ಮೇಲೆ ಬೇಡ.) ಕಾರ್ಡ್ ಸಿಕ್ಕಿದ್ದು ಗೂಟಕ್ಕೆ ನೇತುಹಾಕಿದ್ದ ಬಟ್ಟೆ ಚೀಲದಲ್ಲಿ. ಅದರ ಜೊತೆ ಕವಳದ (ಎಲೆ ಅಡಕೆಯ) ಸಂಚಿ, ಕನ್ನಡಕ, ಆಮೇಲೆ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು. ಬಿಚ್ಚಿ ನೋಡಿದ್ರೆ ಎಲ್ಲಾ ಬಸ್ ಟಿಕೆಟ್. ಎಲ್ಲಾ ಸೊನ್ನೆ ರೂಪಾಯಿದು.

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಹೆಂಗಸ್ರಿಗೆ ಬಸ್ ಫ್ರೀ, ಆದ್ರೂ ಕಂಡಕ್ಟರ್ ಆಧಾರ್ ನೋಡಿ ಒಂದು ಝೀರೋ ಟಿಕೆಟ್ ಹರಿದು ಕೊಡ್ತಾರೆ, ಆ ಲೆಕ್ಕದ ಮೇಲೇ ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ಕೊಡ್ಬೇಕು. ಇಳಿದ ಮೇಲೆ ಎಲ್ರೂ ಬಿಸಾಡ್ತಾರೆ. ಆಯಿ ಬಿಸಾಡಿರ್ಲಿಲ್ಲ. ಶುರುವಾದ ಹೊಸದರಲ್ಲಿ ಫೋನ್ ಮಾಡಿ "ದುಡ್ಡು ಕೊಡದೇ ಬ್ಯಾಡ್ದಡ ತಮಾ" (ದುಡ್ಡು ಕೊಡೋದೇ ಬೇಡ್ವಂತೆ ಮಗಾ) ಅಂದಿದ್ದು ಇನ್ನೂ ಕಿವಿಯಲ್ಲಿದೆ, ನಾನು ಆಗ ಯಾವುದೋ ಮೀಟಿಂಗ್ ನಡುವೆ ಇದ್ದೆ, ಹ್ಞೂಂ ಅಂದು ಇಟ್ಟೆ.

ಎಣಿಸಿದೆ, 84 ಇತ್ತು. ಅರ್ಧಕ್ಕರ್ಧ ಅಕ್ಷರ ಹಾರಿಹೋಗಿ ಬರೀ ಬಿಳಿ ಚೀಟಿ. ಉಳಿದದ್ದನ್ನ ಜಗಲಿ ಬೆಳಕಿಗೆ ಹಿಡಿದು ಒಂದೊಂದೇ ಓದ್ತಾ ಹೋದೆ. ಊರಿಂದ ಸಿರ್ಸಿ, ಸಿರ್ಸಿಯಿಂದ ಊರು, ಇವು ಮಾರಿಗುಡಿಗೆ ಹೋಗಿದ್ದಿರಬೇಕು. 2024ರ ಮಾರ್ಚ್‌ನವು ಸುಮಾರಿತ್ತು, ಅದು ಜಾತ್ರೆ ವರ್ಷ, ನಮ್ಮಲ್ಲಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಂದ್ಸಲ. ಆದ್ರೆ ಮಧ್ಯೆ ಮಧ್ಯೆ ಸಿರ್ಸಿಯಿಂದ ಕುಮಟಾ, ಸಿರ್ಸಿಯಿಂದ ಕುಮಟಾ, ಅದೇ ದಿನ ಸಂಜೆ ವಾಪಸ್. ಏನಂತ ಅರ್ಥವಾಗ್ಲಿಲ್ಲ ನನಗೆ.

ಕುಮಟಾದಲ್ಲಿ ದೊಡ್ಡಾಯಿ ಇದ್ದಾರೆ, ಆಯಿಯ ಅಕ್ಕ. ಲಕ್ವ ಹೊಡೆದು ಹಾಸಿಗೆ ಹಿಡಿದು ಮೂರು ವರ್ಷದ ಮೇಲಾಯ್ತು. ಅವ್ರ ಸೊಸೆಗೆ ಫೋನ್ ಮಾಡಿ ಕೇಳ್ದೆ. ಹೌದಲ್ಲೋ, ತಿಂಗಳಿಗೆ ಒಂದೆರಡು ಸಲ ಬರ್ತಿದ್ರು, ನಿಂಗೆ ಗೊತ್ತಿಲ್ವಾ ಅಂದ್ರು. ಬಂದು ಅಕ್ಕನ ತಲೆ ಬಾಚಿ, ಮಧ್ಯಾಹ್ನ ಗಂಜಿ ಉಣಿಸಿ, ನಾಲ್ಕು ಗಂಟೆ ಬಸ್ಸಿಗೆ ಹೊರಡೋದಂತೆ. ಅರವತ್ತು ಕಿಲೋಮೀಟರ್ ಹತ್ರ ಅದು, ದೇವಿಮನೆ ಘಟ್ಟ ಇಳಿಬೇಕು, ಹತ್ತಬೇಕು, ರಸ್ತೆ ಕೆಲಸ ನಡೆಯೋವಾಗ ಧೂಳು ಬೇರೆ, ಎಪ್ಪತ್ತರ ಹತ್ರದ ಹೆಂಗಸು ಒಬ್ಬಳೇ ಹೋಗಿ ಬರ್ತಿತ್ತು ಅಂತ ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ, ಅಪ್ಪಯ್ಯ ಸಿರ್ಸಿಗೆ ಹೋಗ್ತಾಳೆ ಅಂತ ಅನ್ಕೊಂಡಿದ್ರು.

ಮುಂಚೆ ಯಾಕೆ ಹೋಗ್ತಿರ್ಲಿಲ್ಲ ಅಂತ ಯೋಚನೆ ಮಾಡ್ದೆ. ನಮ್ಮ ಅಪ್ಪಯ್ಯ ಕೆಟ್ಟವ್ರಲ್ಲ. ಆದ್ರೆ ಸೊಸೈಟಿ ಖಾತೆ ಅವ್ರ ಹೆಸ್ರಲ್ಲಿ, ಬ್ಯಾಂಕ್ ಅವ್ರ ಹೆಸ್ರಲ್ಲಿ, ಪಹಣಿ ಅವ್ರ ಹೆಸ್ರಲ್ಲಿ. ಕೊಯ್ಲು ಬಂತು ಅಂದ್ರೆ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು ಅಡಕೆ ಸುಲಿಯೋದು ಮಾತ್ರ ಆಯಿ. ತವರಿಗೆ ಹೋಗ್ಬೇಕು ಅಂದ್ರೆ ಕೇಳ್ಬೇಕು, ಕೇಳಿದ್ರೆ "ಈಗೆಂತಕ್ಕೆ" ಅನ್ನೋ ಒಂದು ಮಾತು ಬರುತ್ತೆ, ಆ ಮಾತು ಕೇಳೋದು ಬೇಡ ಅಂತ ಹೋಗೋದೇ ಬಿಟ್ಟಿದ್ದು. ನಾನು ಬೆಂಗಳೂರಿಂದ ತಿಂಗಳು ತಿಂಗಳು ದುಡ್ಡು ಕಳಿಸ್ತಿದ್ದೆ, ಅಪ್ಪಯ್ಯನ ಅಕೌಂಟಿಗೆ. ಒಂದ್ಸಲನೂ ಆಯಿಯ ಕೈಗೆ ಅಂತ ಬೇರೆ ಕೊಟ್ಟವನಲ್ಲ. ಇದು ನನ್ನನ್ನ ತುಂಬಾ ತಿನ್ನುತ್ತೆ.

ಫ್ರೀ ಬಸ್ ಬಗ್ಗೆ ನಾನೂ ಆಫೀಸಲ್ಲಿ ಊಟದ ಹೊತ್ತಿಗೆ ದುಡ್ಡು ಹಾಳು ಅಂತ ಮಾತಾಡಿದವನೇ. ಬಸ್ ಸಾಲ್ತಿಲ್ಲ ಅನ್ನೋದು ನಿಜ, ನಮ್ಮ ಕಡೆ ಬೆಳಿಗ್ಗೆ ಕಾಲೇಜು ಮಕ್ಕಳು ಬಾಗಿಲಲ್ಲಿ ನೇತಾಡ್ತಾರೆ, ಬಸ್ ಹೆಚ್ಚು ಮಾಡ್ಲೇಬೇಕು. ಆದ್ರೆ ದುಡ್ಡು ಹಾಳು ಅನ್ನೋ ಮಾತು ಇನ್ನು ನನ್ನ ಬಾಯಲ್ಲಿ ಬರಲ್ಲ.

ಇನ್ನೊಂದು ಹೇಳ್ಬೇಕು, ಇದಕ್ಕೇ ಇಷ್ಟುದ್ದ ಬರೆದಿದ್ದು. ಜಾತ್ರೆ ದಿನದ ಒಂದು ಟಿಕೆಟ್ ಚೆನ್ನಾಗಿ ಓದೋ ಹಾಗಿತ್ತು, ಶಾಶ್ವತವಾಗಿ ಇರ್ಲಿ ಅಂತ ಪೇಟೆಗೆ ತಗೊಂಡು ಹೋಗಿ ಲ್ಯಾಮಿನೇಶನ್‌ಗೆ ಕೊಟ್ಟೆ. ಮಷಿನಿಂದ ಹೊರಗೆ ಬಂದಾಗ ಪೂರ್ತಿ ಕಪ್ಪು. ಆ ಕಾಗದದಲ್ಲಿ ಶಾಯಿ ಇರಲ್ಲ, ಬಿಸಿ ತಾಗಿದಲ್ಲಿ ಕಪ್ಪಾಗೋ ಕಾಗದ ಅದು, ಲ್ಯಾಮಿನೇಶನ್ ಬಿಸಿಗೆ ಇಡೀ ಚೀಟಿ ಕಪ್ಪಾಗಿಬಿಡ್ತು. ಅಂಗಡಿಯ ಹುಡುಗನಿಗೂ ಗೊತ್ತಿರ್ಲಿಲ್ಲ, ಪಾಪ ಹೆದರಿಬಿಟ್ಟ. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಆಯಿ ಹೋದ ದಿನ ಅತ್ತಿರ್ಲಿಲ್ಲ.

ಅದಕ್ಕೆ ನಿಮ್ಮ ಅಮ್ಮನ ಪರ್ಸು, ಚೀಲ, ಡಬ್ಬಿ ಇವನ್ನೆಲ್ಲ ಕೊಡೋ ಮುಂಚೆ ಒಳಗೆ ಕೈ ಹಾಕಿ ನೋಡಿ. ಬಸ್ ಟಿಕೆಟ್, ಮೆಡಿಕಲ್ ಶಾಪ್ ಚೀಟಿ, ಎಟಿಎಂ ಸ್ಲಿಪ್ ಈ ಥರದ್ದು ಸಿಕ್ಕಿದ್ರೆ ಅವತ್ತೇ ಫೋಟೋ ತೆಗೀರಿ, ಆಮೇಲೆ ಕಾಗದದ ಕವರಲ್ಲಿ ಹಾಕಿ ಕತ್ತಲೆ ಕಪಾಟಲ್ಲಿಡಿ, ಪ್ಲಾಸ್ಟಿಕ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ.

ಸೀರೆಗಳನ್ನ ಏನು ಮಾಡೋದು ಅಂತ ನಮಗೂ ತೋಚಿಲ್ಲ. ಒಂದು ನೂಲಿನ ಸೀರೆ ಮಾತ್ರ ನಾನೇ ಅದೇ ಬಸ್ಸಲ್ಲಿ ಹೋಗಿ ದೊಡ್ಡಾಯಿಗೆ ಹೊದಿಸಿ ಬಂದೆ. ಉಳಿದದ್ದು ಆಯಿಯ ಕಪಾಟಲ್ಲೇ ಇದೆ.